ಮೊದಲ ಜ್ವರ

"ನನ್ನ ರಕ್ತದಾಗ ನಾ ಹುಟ್ಟಿದ ವರ್ಷ ಕಾಣ್ತತೇನವಾ?"

ಕಸ್ತೂರೆವ್ವ ಹೀಗೆ ಕೇಳಿದಾಗ ಗುಲ್ನಾಜ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಳು. ರಕ್ತ ಕೊಡುವವರು ಸಾಮಾನ್ಯವಾಗಿ ಕೇಳುವುದು ಸಕ್ಕರೆ ಕಾಯಿಲೆ ಇದೆಯೇ ಎಂದು. ಇಷ್ಟು ರಕ್ತ ಹೋದದ್ದಕ್ಕೆ ಏನು ತಿನ್ನಬೇಕು ಎಂದು ಕೇಳಿದವರೂ ಉಂಟು. ಹುಟ್ಟಿದ ವರ್ಷ ಕೇಳಿದವಳು ಇವಳೊಬ್ಬಳೇ.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಮಗ ನಂದೀಶ ನಕ್ಕುಬಿಟ್ಟ. "ರಕ್ತದಾಗ ಯಾಕಬೇ? ಆಧಾರ ಕಾರ್ಡಿನ್ಯಾಗ ಐತೆಲ್ಲ. ಎಪ್ಪತ್ತನೇ ಇಸವಿ, ಜೂನ್ ಒಂದು. ನೋಡ್ರಿ ಮೇಡಮ್ಮಾರ, ಈ ಓಣ್ಯಾಗ ಹಿರೇರೆಲ್ಲಾ ಜೂನ್ ಒಂದಕ್ಕ ಹುಟ್ಯಾರ. ಆ ದಿನಾ ಸೂಲಗಿತ್ತಿಗೆ ಉಸಿರಾಡಾಕ ಪುರಸತ್ತ ಇದ್ದಿರಾಕಿಲ್ಲ!"

"ಹೋಗಲೇ, ಮೆಣಸಿನಕಾಯಿ ಬಿಡಿಸಾಕ ಆಳು ಬಂದು ಹೊಲದಾಗ ಕುಂತಾರ. ಇಲ್ಲಿ ನಿಂತು ಹಲ್ಲು ಕಿಸೀಬ್ಯಾಡ," ಎಂದು ಕಸ್ತೂರೆವ್ವ ಗದರಿದಳು. ನಂದೀಶ ತಲೆಗೆ ಟವೆಲ್ ಸುತ್ತಿಕೊಂಡು ಹೋದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ, ಬೆರಳು ಆಚೆ ಕಿವಿಗೆ ಮುಟ್ಟಿತೋ ಇಲ್ಲವೋ ನೋಡಿ, ಮುಟ್ಟಿದರೆ ಜೂನ್ ಒಂದು ಎಂದು ಬರೆದು ಕೈತೊಳೆದುಕೊಂಡ ಕಾಲ ಅದು. ವರ್ಷವನ್ನು ಅಪ್ಪಂದಿರು ಬಾಯಿಗೆ ಬಂದಂತೆ ಹೇಳುತ್ತಿದ್ದರು.

"ವರ್ಷ ಕಾಣೂದಿಲ್ಲರಿ," ಎಂದಳು ಗುಲ್ನಾಜ, ಸೂಜಿ ಚುಚ್ಚುತ್ತ. "ಬಂದು ಹೋದ ಜ್ವರಾ ಕಾಣ್ತಾವು."

"ಬಂದು ಹೋದವು ಹೆಂಗ ಕಾಣ್ತಾವು?"

ಕೊಳವೆಯೊಳಗೆ ಕಪ್ಪುಗೆಂಪು ರಕ್ತ ಏರತೊಡಗಿತು. ಗುಲ್ನಾಜ ಕೊಳವೆಯ ಮೇಲೇ ಕಣ್ಣಿಟ್ಟಿದ್ದಳು. ಮಾತು ಕಡಿಮೆಯ ಹುಡುಗಿ ಅವಳು. ಲಕ್ಷ್ಮೇಶ್ವರದವಳು, ಧಾರವಾಡದಲ್ಲಿ ಸೂಕ್ಷ್ಮಾಣುಗಳ ಮೇಲೆ ಎಂ.ಎಸ್ಸಿ. ಓದಿ, ಗದಗಿನಲ್ಲಿ ಒಂದು ಸಂಶೋಧನಾ ಕೆಲಸಕ್ಕೆ ಸೇರಿದ್ದಳು. ಐವತ್ತು ದಾಟಿದವರ ಮೈಯಲ್ಲಿ ಯಾವ ಯಾವ ಕಾಲದ ಫ್ಲೂ ಗುರುತು ಉಳಿದಿದೆ ಎಂದು ನೋಡುವ ಕೆಲಸ. ಮುಂಡರಗಿ ಮುಗಿದು, ಹಿರೇಹಂದಿಗೋಳ ಮುಗಿದು, ಈಗ ಬಾಳೆಹೊಸೂರ. ಜೀಪು ಓಡಿಸುವ ರಫೀಕ ದಿನಕ್ಕೊಮ್ಮೆಯಾದರೂ, "ನಿಮ್ಮನ್ನ ನೋಡಿ ಸೊಳ್ಳಿಗೋಳು ನಾಚತಾವ ನೋಡ್ರಿ," ಎಂದು ಚೇಷ್ಟೆ ಮಾಡುವನು. ಅವಳು ಅದಕ್ಕೂ ಸುಮ್ಮನೆ ನಗುವಳು.

ರಕ್ತ ತೆಗೆದ ಮೇಲೆ ಕಸ್ತೂರೆವ್ವ ಚಹಾ ಕುಡಿಸದೆ ಬಿಡಲಿಲ್ಲ. ಪಡಸಾಲೆಯಲ್ಲಿ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಅರ್ಧ ಹೊಲಿದ ಕೌದಿ ಹರಡಿತ್ತು. ಅದರ ಅಂಚಿಗೆ ಕುಳಿತು ದಾರ ಪೋಣಿಸುತ್ತ ಮತ್ತೆ ಅದೇ ಪ್ರಶ್ನೆ ಎತ್ತಿದಳು. "ಹೇಳವಾ, ಹೋದ ಜ್ವರದ ಗುರುತು ಹೆಂಗ ಉಳೀತೈತಿ?"

ಗುಲ್ನಾಜ ಬಟ್ಟಲು ಕೆಳಗಿಟ್ಟಳು. ಈ ಒಂದು ವಿಷಯಕ್ಕೆ ಮಾತ್ರ ಅವಳಿಗೆ ಮಾತು ಬರುತ್ತಿತ್ತು.

"ಫ್ಲೂ ಅಂದ್ರ ಒಂದ ಅಲ್ಲರಿ. ಅದರ ಅಂಗೀ ಮ್ಯಾಲೆ ಎರಡು ನಮೂನಿ ಮುಳ್ಳು ಇರ್ತಾವು. ಒಂದಕ್ಕ ಎಚ್ ಅಂತೀವಿ, ಇನ್ನೊಂದಕ್ಕ ಎನ್. ಎಚ್ ನಮ್ಮ ಗಂಟಲದಾಗ ಅಂಟಿಕೊಂಡು ಒಳಗ ಹೋಗಾಕ. ಎನ್ ಒಳಗ ಹುಟ್ಟಿದ ಮರಿಗಳನ್ನ ಬಿಡಿಸಿ ಹೊರಗ ಕಳಸಾಕ. ಎಚ್‌ನ್ಯಾಗ ಹದಿನೆಂಟಕ್ಕೂ ಹೆಚ್ಚು ಜಾತಿ ಅದಾವು. ಭಾಳಷ್ಟು ಹಕ್ಕಿಗೋಳ ಮೈಯಾಗ. ಮನಶ್ಯಾರ ನಡುವ ವರ್ಷಾನುಗಟ್ಟಲೆ ಸಂಸಾರ ಮಾಡಿದ್ದು ಮೂರ: ಎಚ್ ಒಂದು, ಎರಡು, ಮೂರು."

"ಅಂಗಿ ಒಳಗ?"

ಗುಲ್ನಾಜ ಕೌದಿಯತ್ತ ನೋಡಿದಳು. "ಎಂಟು ತುಂಡು. ಬ್ಯಾರೆ ಬ್ಯಾರೆ. ಈ ಕೌದಿ ಹಂಗ ಅನ್ರಿ. ಮುಳ್ಳು ಹೆಂಗಿರಬೇಕು ಅನ್ನೂದು ಒಂದೊಂದು ತುಂಡಿನ್ಯಾಗ ಇರ್ತೈತಿ."

"ಎಂಟ ಏನ? ಅದು ತೊಟ್ಟಿಲ ಕೂಸಿನ ಕೌದಿ ಬಿಡು," ಎಂದು ಕಸ್ತೂರೆವ್ವ ತಾತ್ಸಾರದಿಂದ ನುಡಿದಳು.

"ಸಣ್ಣದ ಖರೆ. ಆದರ ಒಬ್ಬರ ಮೈಯಾಗ ಎರಡು ನಮೂನಿ ಫ್ಲೂ ಒಮ್ಮಿಗೇ ಹೊಕ್ಕವು ಅಂದ್ರ ತುಂಡು ಅದಲಬದಲ ಆಗಿಬಿಡ್ತಾವು. ಇದರ ನಾಲ್ಕು, ಅದರ ನಾಲ್ಕು. ಹೊಸ ಕೌದಿ. ಐವತ್ತೇಳನೇ ಇಸವಿಯೊಳಗ ಹಂಗ ಹುಟ್ಟಿದ್ದು ಎಚ್ ಎರಡು. ಹಕ್ಕೀ ಫ್ಲೂದ ಮೂರು ತುಂಡು ಅದರಾಗ ಸೇರಿದ್ದವು. ಜಗತ್ತಿನ ತುಂಬ ತಿರಗಾಡಿ ಭಾಳ ಮಂದೀನ ಕೊಂದ್ತು. ಅರವತ್ತೆಂಟರಾಗ ಮತ್ತ ಬರೇ ಎರಡು ತುಂಡು ಬದಲಾದವು, ಆರು ಹಳೇವ ಉಳದವು. ಎನ್ ಸೈತ ಹಳೇದ. ಎಚ್ ಮಾತ್ರ ಮೂರನೇದು ಬಂತು. ಅದು ಬಂದ ಮ್ಯಾಲೆ ಎರಡನೇದು ಮನಶ್ಯಾರೊಳಗ ಮತ್ತ ಕಾಣಸಲಿಲ್ಲ."

"ಎಲ್ಲಿ ಹೋತು?"

"ಹೋತರಿ. ಅದರ ಗುರುತು ಇನ್ನ ಉಳದಿದ್ದು ಆ ಕಾಲದಾಗ ಇದ್ದವರ ರಕ್ತದಾಗ ಅಷ್ಟ. ಮೈ ಅನ್ನೂದು ಮೊದಲನೇ ಜ್ವರಾನ ಮರಿಯೂದಿಲ್ಲ. ಆಮ್ಯಾಲೆ ಹತ್ತು ಬರಲಿ, ಮೊದಲು ನೆನಸೂದು ಅದನ್ನ."

ಕಸ್ತೂರೆವ್ವನ ಕೈಯಲ್ಲಿ ಸೂಜಿ ನಿಂತಿತು. ಹೊರಗೆ ಯಾರದೋ ಟ್ರ್ಯಾಕ್ಟರು ಹಾದುಹೋಯಿತು.

"ಅಂದ್ರ ಅರವತ್ತೆಂಟರ ಮ್ಯಾಲೆ ಹುಟ್ಟಿದವರಿಗೆ ಅದು ಇರೂದಿಲ್ಲ."

"ಇರೂದಿಲ್ಲರಿ."

"ಅದಕ್ಕೂ ಮೊದಲು ಹುಟ್ಟಿದ್ದರ ಇರ್ತೈತಿ."

"ಬಂದು ಹೋಗಿದ್ದರ ಇರ್ತೈತಿ. ಬಂದಿರಲಿಲ್ಲ ಅಂದ್ರ, ಮೊದಲು ಹುಟ್ಟಿದ್ದರೂ ಇರೂದಿಲ್ಲ. ಯಾಕ್ರಿ?"

ಕಸ್ತೂರೆವ್ವ ಸೆರಗಿನೊಳಗಿಂದ ಕೊರಳ ದಾರವನ್ನು ಹೊರಗೆಳೆದಳು. ಕರಿದಾರದ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಂಗಾರದ ಬಿಲ್ಲೆ ಇತ್ತು. ಅದರ ಮೇಲೆ ಒಂದು ಹೆಣ್ಣುಮುಖದ ಅಚ್ಚು. ಮೂಗು ಸವೆದು ಹೋಗಿತ್ತು. ಕಣ್ಣಿದ್ದ ಕಡೆ ಎರಡು ತಗ್ಗು ಮಾತ್ರ ಉಳಿದಿದ್ದವು.

ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳಾಗಿ ಹೋದವಳು, ಸತ್ತವಳ ಮುಖದ ಇಂಥದೊಂದು ಬಿಲ್ಲೆ ಮಾಡಿಸಿ ಕೊರಳಲ್ಲಿ ಕಟ್ಟಿಕೊಳ್ಳಬೇಕು. ಹಬ್ಬದ ದಿನ ಮೊದಲ ಎಡೆ ಅದಕ್ಕೆ. ಸತ್ತವಳು ಮುನಿಯಬಾರದು ಎಂದು ಆ ಕಡೆಯ ರೂಢಿ. ಗುಲ್ನಾಜಳಿಗೆ ಇದು ಗೊತ್ತಿತ್ತು. ತಮ್ಮ ಓಣಿಯ ಅಕ್ಕಸಾಲಿ ಪತ್ತಾರನ ಅಂಗಡಿಯಲ್ಲಿ ಅಂಥ ಅಚ್ಚುಗಳನ್ನು ನೋಡಿದ್ದಳು. ಆದರೆ ಇಷ್ಟು ಸವೆದದ್ದನ್ನು ನೋಡಿರಲಿಲ್ಲ.

"ಇಕಿ ಫಕೀರವ್ವ," ಎಂದಳು ಕಸ್ತೂರೆವ್ವ. "ನಮ್ಮಪ್ಪನ ಮೊದಲ್ನೇ ಹೇಣ್ತಿ. ಆಕಿ ತಂಗೀನ ನಮ್ಮವ್ವ, ಶೇಖವ್ವ. ಅವ್ವ ಸಾಯೂತನಕ ಇದನ್ನ ಕೊರಳಾಗ ಇಟ್ಕೊಂಡಿದ್ಲು. ಸಣ್ಣಾಕಿದ್ದಾಗ ಅವ್ವನ ತೊಡೀ ಮ್ಯಾಲೆ ಕುಂತು ನಾ ಇದನ್ನ ಚೀಪತಿದ್ನೆಂತ. ಮೂಗು ನಾನ ತಿಂದೇನಿ ಅಂತ ಅವ್ವ ನಗತಿದ್ಲು."

ನಂತರ ಅವಳು ಹೇಳಿದ್ದು ಇಷ್ಟು. ಅಕ್ಕತಂಗಿಯರ ತವರು ಶಿರಹಟ್ಟಿ. ಅಪ್ಪನೂ ಆಗ ಅಲ್ಲೇ ಹತ್ತಿಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಫಕೀರವ್ವ ಒಂದು ಹೆಣ್ಣು ಹೆತ್ತಳು. ಕೂಸು ಅಂಬೆಗಾಲಿಡುವ ಹೊತ್ತಿಗೆ ಮನೆಮಂದಿಗೆಲ್ಲ ಕೆಮ್ಮು, ಜ್ವರ. ಅದರಲ್ಲೇ ಫಕೀರವ್ವ ಹೋದಳು. ಕೂಸೂ ಅದೇ ವಾರ ಹೋಯಿತು ಎಂದು ಮನೆಯ ಹಿರಿಯರ ಮಾತು. ಬಾಳೆಹೊಸೂರಿನ ಮಠಕ್ಕೆ ಅವಳ ನೆನಪಿಗೆಂದು ಕೊಟ್ಟ ತಾಮ್ರದ ಹಂಡೆಯ ಕಂಠದ ಮೇಲೆ ಅವಳ ಹೆಸರಿದೆ, 1967 ಎಂದು ಇಸವಿಯೂ ಇದೆ. ಎರಡು ವರ್ಷದ ಮೇಲೆ ಶೇಖವ್ವನ ಮದುವೆ. ಮರುವರ್ಷ ಕಸ್ತೂರೆವ್ವ ಹುಟ್ಟಿದಳು. ಅಪ್ಪ ಬಾಳೆಹೊಸೂರಿಗೆ ಮರಳಿದಾಗ ಅವಳು ಓಣಿ ತುಂಬ ಓಡಾಡುವ ಹುಡುಗಿ.

"ಇದು ಮನಿ ಮಾತು. ಆದರ ಅವ್ವಗ ನನ್ನ ಮ್ಯಾಲೆ ಒಂದೂ ಮಕ್ಕಳಾಗಲಿಲ್ಲ. ನೀರಿಗೆ ಹೋದಲ್ಲಿ ಒಮ್ಮೆ ಕೊಡದ ಸರತಿಗೆ ಜಗಳ ಬಿತ್ತು ನೋಡು. ಒಬ್ಬಾಕಿ ಅಂದ್ಲು, 'ಹೋಗ ಬಿಲ್ಲೀ ಮಗಳ, ನಿಮ್ಮವ್ವನ್ನ ಕೊರಳಾಗ ಕಟಗೊಂಡು ತಿರಗತಾಳ ಶೇಖವ್ವ' ಅಂತ. ನಾ ಓಡಿಬಂದು ಅವ್ವನ್ನ ಕೇಳಿದೆ."

"ಏನಂದ್ರು?"

"'ಹಸಿವಾಗೇತೇನ?' ಅಂದ್ಲು. ರೊಟ್ಟಿ ಹಾಕಿದ್ಲು. ನನ್ನ ಲಗ್ನದ ಹಿಂದಿನ ದಿನ ಕೇಳಿದೆ. ಆವಾಗೂ 'ಹಸಿವಾಗೇತೇನ?' ಅಂದ್ಲು. ಆಮ್ಯಾಲೆ ನಾ ಕೇಳಲಿಲ್ಲ. ಹೆಂಗ ಕೇಳಲಿ? ನಾ ಫಕೀರವ್ವನ ಮಗಳು ಅಂದ್ರ ನಮ್ಮವ್ವ ಬಂಜಿ ಅಂದಂಗಾತು. ಆಕಿ ಇರೂತನಕ ಆ ಮಾತು ನನ್ನ ಬಾಯಾಗ ಬರಬಾರದು ಅಂತ ಇದ್ದೆ. ಈಗ ಆಕೀನೂ ಇಲ್ಲ, ಗೊತ್ತಿದ್ದವರು ಯಾರೂ ಇಲ್ಲ."

ಅವಳು ಹೆಬ್ಬೆರಳಿನಿಂದ ಬಿಲ್ಲೆಯನ್ನು ಸವರಿದಳು. ಸವೆಯಲು ಇನ್ನೇನೂ ಉಳಿದಿರದ ಆ ಮುಖದ ಮೇಲೆ ಅವಳ ಬೆರಳು ತಾನಾಗಿಯೇ ಮೂಗಿದ್ದ ಜಾಗಕ್ಕೆ ಹೋಗಿ ನಿಂತಿತು.

"ಆಸ್ತಿಗಲ್ಲ, ಯಾತಕ್ಕೂ ಅಲ್ಲ. ಒಂದ ದಿನಾನರ ಆಕಿ ನನ್ನ ಎತ್ತಿಗೊಂಡಿದ್ಲೋ ಏನ ಬರೇ ಬಂಗಾರದ ಮಾರೀನ ನಾ ನೋಡಿದ್ನೋ, ಅದೊಂದು ಗೊತ್ತಾಗಬೇಕವಾ."

ಗುಲ್ನಾಜ ಹೊರಗೆ ಬಂದಳು. ಜೀಪಿಗೆ ಹತ್ತಿ, ರಕ್ತದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಿಂದಿನ ಸೀಟಿನಲ್ಲಿ ಬೇಕಾದಷ್ಟು ಜಾಗವಿತ್ತು.

"ಯಾಕ ಮೇಡಂ, ಮಗುವಿನಂಗ ಹಿಡಕೊಂಡೀರಿ?" ಎಂದ ರಫೀಕ.

"ರಸ್ತೆ ಸರಿ ಇಲ್ಲ," ಎಂದಳು.

*

ರಕ್ತದ ತಿಳಿ ಪುಣೆಯ ಒಂದು ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಮಡಿದುಹೋದ ಎಚ್ ಎರಡನ್ನು ಜೀವಂತ ಇಟ್ಟುಕೊಂಡು ಆಡುವ ಹಾಗಿಲ್ಲ. ಈಗಿನ ಹುಡುಗರ ಯಾರ ಮೈಯಲ್ಲೂ ಅದರ ಗುರುತಿಲ್ಲ, ತಪ್ಪಿಸಿಕೊಂಡರೆ ಊರೂರು ಮಲಗಿಸೀತು. ಅದರ ಮುಳ್ಳನ್ನಷ್ಟೇ ಬೇರೆಯಾಗಿ ತಯಾರಿಸಿ, ರಕ್ತದಲ್ಲಿರುವ ಪ್ರತಿಕಾಯಗಳೆಂಬ ಕಾವಲುಗಾರರು ಅದನ್ನು ಗುರುತು ಹಿಡಿಯುತ್ತಾರೋ ಎಂದು ನೋಡುತ್ತಾರೆ. ಉತ್ತರ ಬರಲು ಮಳೆಗಾಲ ಆದೀತು ಎಂದರು. ಕೇಳಿದವರಿಗೆ ಅವರವರ ಫಲಿತಾಂಶ ತಿಳಿಸಲು ಅಡ್ಡಿಯಿರಲಿಲ್ಲ. ಆದರೆ ಅಲ್ಲಿಯವರೆಗೂ ಕೇಳಿದವರು ಒಬ್ಬರೂ ಇರಲಿಲ್ಲ.

ಹೋಲಿಕೆಗೆಂದು ಚಿಕ್ಕ ವಯಸ್ಸಿನವರ ರಕ್ತವೂ ಬೇಕಿತ್ತು. ಗುಲ್ನಾಜ ತನ್ನದನ್ನೇ ಕೊಟ್ಟಿದ್ದಳು.

ಅವಳು ಕೊಟ್ಟದ್ದಕ್ಕೆ ಬೇರೆ ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. 2015ರ ಚಳಿಗಾಲದ ಕೊನೆಯಲ್ಲಿ ಲಕ್ಷ್ಮೇಶ್ವರದ ಅವರ ಮನೆಗೂ ಜ್ವರ ಬಂದಿತ್ತು. ಎಚ್1ಎನ್1. ಹಂದಿಯ ತುಂಡು, ಹಕ್ಕಿಯ ತುಂಡು, ಮನುಷ್ಯರ ತುಂಡು ಕೂಡಿ ಹುಟ್ಟಿದ್ದು ಎಂದು ಅವಳು ಆಮೇಲೆ ಓದಿ ತಿಳಿದಳು. ಮೊದಲು ಅಮ್ಮಿಗೆ ಬಂತು. ಮೂಲೆಯ ಮಂಚದಲ್ಲಿ ಮಲಗಿ ಅಮ್ಮಿ, "ಪಾಸ್ ನಕ್ಕೋ ಆ ಬೇಟಿ," ಎನ್ನುತ್ತಿದ್ದಳು, ಹತ್ತಿರ ಬರಬೇಡ ಮಗಳೇ ಎಂದು. ಹಾಗೆನ್ನುತ್ತಲೇ ನಿದ್ದೆಗಣ್ಣಿನಲ್ಲಿ ಕೈ ಚಾಚಿ ಪಕ್ಕದಲ್ಲಿ ತಡಕುತ್ತಿದ್ದಳು. ಗುಲ್ನಾಜ ಹೋಗಿ ಆ ಕೈಯ ಕೆಳಗೆ ಮಲಗುತ್ತಿದ್ದಳು. ಅಮ್ಮಿಯ ಬಿಸಿ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು. ಹುಬ್ಬಳ್ಳಿಗೆ ಕರೆದೊಯ್ಯುವಷ್ಟರಲ್ಲಿ ಗುಲ್ನಾಜಳಿಗೂ ಮೈ ಕಾದಿತ್ತು. ಅವಳು ಎದ್ದಳು; ಅಮ್ಮಿ ಏಳಲಿಲ್ಲ.

ಅಮ್ಮಿಯ ಬುರ್ಖಾದ ಅತ್ತರಿನ ವಾಸನೆ ಒಂದು ವರ್ಷಕ್ಕೆ ಹೋಯಿತು. ದನಿ ಯಾವ ಫೋನಿನಲ್ಲೂ ಉಳಿದಿರಲಿಲ್ಲ. ಮಣ್ಣಿನ ಗೋರಿಯೂ ಎರಡು ಮಳೆಗೆ ಕುಸಿಯಿತು. ಹೀಗಿರುವಾಗ, ತರಗತಿಯಲ್ಲಿ ಪ್ರಾಧ್ಯಾಪಕರು ಹಲಗೆಯ ಮೇಲೆ ಎಂಟು ಗೆರೆ ಎಳೆದು, ಮೈ ಈ ವೈರಸ್ಸನ್ನು ಹೇಗೆ ನೆನಪಿಡುತ್ತದೆ ಎಂದು ವಿವರಿಸಿದ ದಿನ ಗುಲ್ನಾಜಳ ಪೆನ್ನು ನಿಂತುಹೋಗಿತ್ತು. ಅಮ್ಮಿಯ ಎದೆಯೊಳಗಿಂದ ಕೊನೆಗೆ ಹೊರಟು ಬಂದದ್ದರ ಗುರುತು ತನ್ನ ರಕ್ತದಲ್ಲಿದೆ. ಸಾಯುವತನಕ ಇರುತ್ತದೆ. ಅದನ್ನು ಒಮ್ಮೆ ಕಣ್ಣಿನಿಂದ ನೋಡಬೇಕು ಎಂಬ ಹಂಬಲಕ್ಕೇ ಅವಳು ಈ ಕೆಲಸ ಹುಡುಕಿಕೊಂಡು ಬಂದಿದ್ದಳು. ಜನ ಕೇಳಿದರೆ, ಊರಿಗೆ ಹತ್ತಿರ, ಅದಕ್ಕೇ ಎನ್ನುತ್ತಿದ್ದಳು.

ಆಷಾಢದ ಗಾಳಿ ಶುರುವಾದಾಗ ಫಲಿತಾಂಶ ಬಂತು. ಕಂಪ್ಯೂಟರಿನ ಪರದೆಯ ಮೇಲೆ ಒಬ್ಬೊಬ್ಬರಿಗೂ ಒಂದು ಸಾಲು ಕಂಬ. ಯಾವ ಫ್ಲೂ ನೆನಪು ಹೆಚ್ಚಿದೆಯೋ ಆ ಕಂಬ ಎತ್ತರ. ತನ್ನ ಸಾಲನ್ನು ಅವಳು ಮೊದಲು ನೋಡಿದಳು. ಹೊಸ ಎಚ್ ಒಂದರ ಕಂಬ ಉಳಿದೆಲ್ಲವನ್ನೂ ಮೀರಿ ನಿಂತಿತ್ತು. ಅದರ ಮೇಲೆ ಬೆರಳಿಟ್ಟಳು. ಗಾಜು ತಣ್ಣಗಿತ್ತು. ಅಷ್ಟೇ. ಇಷ್ಟು ವರ್ಷ ಕಾದದ್ದು ಒಂದು ನೀಲಿ ಗೆರೆಗೋ ಎನಿಸಿ, ಒಂದು ಕ್ಷಣ ಅವಳಿಗೆ ಅಳುವೂ ಬರಲಿಲ್ಲ.

ಆಮೇಲೆ ಕಸ್ತೂರೆವ್ವನ ಸಾಲು ತೆರೆದಳು.

ಎಚ್ ಮೂರು ಇತ್ತು, ಎಲ್ಲರಿಗೂ ಇರುವ ಹಾಗೆ. ಹಳೆಯ ಎಚ್ ಒಂದು ಸ್ವಲ್ಪ ಇತ್ತು. ಅವೆರಡರ ನಡುವೆ ಎಚ್ ಎರಡು ಎತ್ತರಕ್ಕೆ ನಿಂತಿತ್ತು. ಕೆಲವೊಮ್ಮೆ ಹತ್ತಿರದ ಜಾತಿಯ ಗುರುತು ಎಚ್ ಎರಡರಂತೆ ಕಾಣುವುದುಂಟು ಎಂದು ಗೊತ್ತಿದ್ದ ಗುಲ್ನಾಜ ಪುಣೆಗೆ ಫೋನು ಮಾಡಿ ಮತ್ತೊಮ್ಮೆ ನೋಡಿಸಿದಳು. "ಅದು ಸುಮ್ಮನೆ ನೆರಳಲ್ಲ, ನಿಜವಾದದ್ದೇ," ಎಂಬ ಉತ್ತರ ಬಂತು.

*

ಕಸ್ತೂರೆವ್ವ ಅವಳನ್ನು ಕಂಡ ಕೂಡಲೇ ನಿಂತುಬಿಟ್ಟಳು. ಪಡಸಾಲೆಯಲ್ಲಿ ಕೌದಿ ಮುಗಿದು ಮಡಿಕೆಯಾಗಿತ್ತು. ಬಾ ಎನ್ನಲಿಲ್ಲ, ಕುಳಿತುಕೋ ಎನ್ನಲಿಲ್ಲ. ಗಾಳಿಗೆ ಬಡಿಯುತ್ತಿದ್ದ ಕಿಟಕಿಯನ್ನು ಮುಚ್ಚಿ ಅಗುಳಿ ಹಾಕಿದಳು. ಮತ್ತೆ ಅಗುಳಿ ತೆಗೆದು ಹಾಕಿದಳು.

"ಹೇಳಬ್ಯಾಡ ಅಂದ್ರ ಹೋಗ್ತೇನ್ರಿ," ಎಂದಳು ಗುಲ್ನಾಜ.

"ಇಲ್ಲ. ಹೇಳು."

"ಐತ್ರಿ. ಎರಡನೇದು ಐತಿ."

ಕಸ್ತೂರೆವ್ವ ಗೋಡೆ ಹಿಡಿದು ಮೆಲ್ಲಗೆ ಕುಳಿತಳು. ಗುಲ್ನಾಜ ಅವಳ ಎದುರು ನೆಲದ ಮೇಲೆ ಕುಳಿತಳು.

"ಅಂದ್ರ ಅರವತ್ತೆಂಟಕ್ಕ ಮೊದಲ."

"ಹೌದ್ರಿ."

"ಫಕೀರವ್ವನ ಆ ಕೂಸು ಸತ್ತಿರಲಿಲ್ಲ."

"ಸತ್ತಿರಲಿಲ್ಲ."

"ನೋಡವಾ," ಎಂದು ಕಸ್ತೂರೆವ್ವ ಹೇಳಿದಳು. ದನಿ ಸಣ್ಣಗಾಗಿತ್ತು. "ಇಷ್ಟ ವರ್ಷ ಇದಕ್ಕ ಹಂಬಲಿಸಿದೆ. ಈಗ ಇದು ಕೈಗೆ ಬಂದ ಗಳಿಗ್ಯಾಗ ಶೇಖವ್ವನ ಮಾರಿ ಕಣ್ಮುಂದ ಬರ್ತೈತಿ. ನನ್ನ ಕೈಯಾರ ಆಕೀನ ಬಂಜಿ ಮಾಡಿದ್ನೇನ?"

ಗುಲ್ನಾಜಳಿಗೆ ಹೇಳಲು ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಎರಡು ತುಂಡು ಬದಲಾದವು, ಆರು ಹಳೆಯವೇ ಉಳಿದವು, ಹೆತ್ತವಳು ಬೇರೆಯಾದರೂ ಸಾಕಿದ್ದೆಲ್ಲ ಶೇಖವ್ವನದೇ ಎಂದು. ಆದರೆ ಅದು ಫ್ಲೂ ವಿಷಯ. ಶೇಖವ್ವ ಫ್ಲೂ ಅಲ್ಲ.

"ಆ ಜ್ವರ ನನಗ ಯಾರಿಂದ ಬಂದಿರ್ತೈತಿ?" ಎಂದು ಕಸ್ತೂರೆವ್ವ ಕೇಳಿದಳು.

"ಅದು ರಕ್ತದಾಗ ಗೊತ್ತಾಗೂದಿಲ್ಲರಿ. ಯಾರಿಂದನರ ಬಂದಿರಬಹುದು. ಮನ್ಯಾಗ ಎಲ್ಲಾರಿಗೂ ಬಂದಿತ್ತಲ್ಲ. ಶೇಖವ್ವನೂ ಅದ ಮನ್ಯಾಗ ಇದ್ದವರು."

"ಲೆಕ್ಕದ ಮಾತು ಬ್ಯಾಡ. ನಿನಗ ಏನನಸ್ತೈತಿ ಹೇಳು."

ಗುಲ್ನಾಜ ಕೈಗಳನ್ನು ನೋಡಿಕೊಂಡಳು. "ಅಷ್ಟು ಸಣ್ಣ ಕೂಸಿಗೆ ಹತ್ತಿದರ, ಎದಿ ಮ್ಯಾಲೆ ಹಾಕ್ಕೊಂಡವರಿಂದನ ಹತ್ತಿರ್ತೈತಿ. ಅವರ ಉಸಿರಿನಿಂದ."

"ಜ್ವರಾ ಬಂದಾಗ ಕೂಸಿನ್ನ ದೂರ ಇಡಬೇಕಲಾ? ಆವಾಗೂ ಹೇಳಿರ್ತಾರ ಹಿರೇರು."

"ಹೇಳಿರ್ತಾರ. ದೂರ ಇಟ್ಟಿರೂದಿಲ್ಲರಿ ಅವರು."

"ನಿನಗ ಹೆಂಗ ಗೊತ್ತು?"

ಕಿಟಕಿಯ ಸಂದಿನಿಂದ ಗಾಳಿ ಸಿಳ್ಳು ಹಾಕಿತು. ಹತ್ತಿರ ಹತ್ತಿರ ಹತ್ತು ವರ್ಷದಿಂದ ಗುಲ್ನಾಜ ಸುಮ್ಮನೇ ಇದ್ದಳು. ಇನ್ನಷ್ಟು ಹೊತ್ತು ಇರುವುದು ಕಷ್ಟವೇನಲ್ಲ. ಆದರೆ ಎದುರಿಗಿದ್ದ ಹೆಂಗಸು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

"ನಮ್ಮ ಅಮ್ಮಿ ಇಟ್ಟಿರಲಿಲ್ಲರಿ," ಎಂದಳು. "ಬರಬ್ಯಾಡ ಬರಬ್ಯಾಡ ಅಂತನ ಕೈ ಚಾಚತಿದ್ರು. ಅವರು ಹೋದ್ರು. ಅವರಿಗೆ ಬಂದದ್ದ ನನಗೂ ಬಂದಿತ್ತು. ನನ್ನ ರಕ್ತಾನೂ ನೋಡೇನಿ. ಐತಿ."

ಕಸ್ತೂರೆವ್ವ ಬಿಲ್ಲೆಯನ್ನು ಎತ್ತಿ ತುಟಿಗೆ ಒತ್ತಿಕೊಂಡಳು, ತುಸು ಹೊತ್ತು ಹಾಗೇ ಹಿಡಿದಳು, ಎಳೆಗೂಸು ಚೀಪುವಾಗ ಹಿಡಿಯುವಂತೆ. ಅವಳ ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಫಕೀರವ್ವನಿಗಾಗಿಯೋ ಶೇಖವ್ವನಿಗಾಗಿಯೋ ಗುಲ್ನಾಜಳಿಗೆ ತಿಳಿಯಲಿಲ್ಲ. ಬಹುಶಃ ಕಸ್ತೂರೆವ್ವನಿಗೂ ತಿಳಿದಿರಲಿಕ್ಕಿಲ್ಲ. ಆ ಮುಖದ ಮೂಗನ್ನು ತಿಂದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನಕ್ಕವಳು ಒಬ್ಬಳು. ಆ ಮುಖದವಳು ಇನ್ನೊಬ್ಬಳು. ಇಬ್ಬರೂ ಇಲ್ಲ. ಉಳಿದದ್ದು ಕಣ್ಣಿಗೆ ಕಾಣದ ಒಂದು ಹಳೆಯ ಜ್ವರದ ಗುರುತು, ಮತ್ತು ಸವೆದ ಬಂಗಾರ.

ಹೊರಗೆ ರಫೀಕ ಹಾರ್ನು ಹೊಡೆದ. ಶಿರಹಟ್ಟಿಯಲ್ಲಿ ಇನ್ನೂ ಕೆಲಸವಿತ್ತು.

ಗುಲ್ನಾಜ ಏಳಲು ಹೋದಳು. ಕಸ್ತೂರೆವ್ವ ಅವಳ ಮೊಣಕೈ ಹಿಡಿದಳು, ಅವತ್ತು ಸೂಜಿ ಚುಚ್ಚಲು ಗುಲ್ನಾಜ ತನ್ನ ತೋಳನ್ನು ಹಿಡಿದ ಹಾಗೆ.

"ಹಸಿವಾಗೇತೇನ?" ಎಂದಳು.

ಮಾತು ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಅವಳಿಗೆ ಹೊಳೆದಿರಬೇಕು. ಬಾಯಿ ಅರ್ಧ ತೆರೆದೇ ಉಳಿಯಿತು.

ಗುಲ್ನಾಜಳಿಗೆ ಹಸಿವಿರಲಿಲ್ಲ. "ಹೂಂರಿ, ಭಾಳ ಆಗೇತಿ," ಎಂದಳು.

ಕಸ್ತೂರೆವ್ವ ಎದ್ದು ಒಲೆಯ ಕಡೆ ಹೋದಳು. ಒಳಗಿನಿಂದ ಪರಾತದಲ್ಲಿ ಹಿಟ್ಟು ನಾದುವ ಸಪ್ಪಳ, ಆಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸತೊಡಗಿತು. ಗುಲ್ನಾಜ ಮಡಿಸಿಟ್ಟ ಕೌದಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಮೇಲೆ ತಲೆಯಿಟ್ಟಳು. ರಫೀಕ ಮತ್ತೊಮ್ಮೆ ಹಾರ್ನು ಹೊಡೆದ. ಅವಳು ಏಳಲಿಲ್ಲ.